ಹೊಸ ಗ್ರಾಫಿಕ್ಸ್ ಮಾನಕಗಳು: ಕೋಟೆಯೊಳಗಿನ ಬೆಳಕನ್ನು ಯಾವ ಯಂತ್ರಕ್ಕಾಗಿ ರೂಪಿಸಬೇಕು?

ಬಹಮನಿ ಬೆಳಕು, ಕಲಬುರಗಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಾವು ಮೂವರು ಸೇರಿ ಪಿಸಿಗಾಗಿ ಒಂದು ಚಿಕ್ಕ ಆಟವನ್ನು ಕಟ್ಟುತ್ತಿದ್ದೇವೆ. ಮುಂದೆ ಸಾಧ್ಯವಾದರೆ ಅದನ್ನು ಕನ್ಸೋಲಿಗೂ ಕೊಂಡೊಯ್ಯುವ ಆಸೆಯಿದೆ. ಆಟ ನಡೆಯುವುದು ಒಂದು ಕಲ್ಪಿತ ಬಹಮನಿ ಕಟ್ಟಡದೊಳಗೆ. ಅದಕ್ಕೆ ನಾವು ಮಾದರಿಯಾಗಿ ಇಟ್ಟುಕೊಂಡಿರುವುದು ನಮ್ಮ ಕೋಟೆಯ ಜಾಮಿಯಾ ಮಸೀದಿಯನ್ನು. 1367ರ ಈ ಮಸೀದಿಗೆ ತೆರೆದ ಅಂಗಳವೇ ಇಲ್ಲ. ಇಡೀ ನೆಲವನ್ನು ಗುಮ್ಮಟಗಳ ಮಾಡು ಮುಚ್ಚಿರುವುದರಿಂದ ಅಂಚಿನ ಅಗಲವಾದ ಕಮಾನುಗಳಿಂದ ಒಳಬಂದ ಬಿಸಿಲು ನೆಲಕ್ಕೆ ಬಿದ್ದು, ಅಲ್ಲಿಂದ ಕಂಬಕ್ಕೂ ಕಂಬದಿಂದ ಕಮಾನಿನ ಒಳಮೈಗೂ ಚಿಮ್ಮುತ್ತಾ, ಒಳಗೆ ಹೋದಷ್ಟೂ ಮೆತ್ತಗಾಗುತ್ತದೆ. ಹೀಗೆ ಪುಟಿದು ಬರುವ ಬೆಳಕು ಸರಿಯಾಗಿ ಮೂಡದಿದ್ದರೆ ನಮ್ಮ ಆಟದಲ್ಲಿ ನೋಡುವುದಕ್ಕೆ ಏನೂ ಉಳಿಯುವುದಿಲ್ಲ.

ನಮ್ಮ ಮುಂದೆ ಎರಡು ದಾರಿಗಳಿವೆ. ಒಂದು, ಬೆಳಕನ್ನು ಮೊದಲೇ ಲೆಕ್ಕ ಹಾಕಿ ಲೈಟ್‌ಮ್ಯಾಪ್ ಎಂಬ ಚಿತ್ರಗಳಲ್ಲಿ ಬೇಕ್ ಮಾಡಿಡುವುದು, ಅಂದರೆ ಅಚ್ಚೊತ್ತಿಡುವುದು. ಇನ್ನೊಂದು, ಬೆಳಕಿನ ಕಿರಣಗಳ ದಾರಿಯನ್ನು ಹಿಂಬಾಲಿಸುವ ರೇ ಟ್ರೇಸಿಂಗ್ ಬಳಸಿ ಆಟ ನಡೆಯುವಾಗಲೇ ಲೆಕ್ಕ ಹಾಕುವುದು. ಡೈರೆಕ್ಟ್‌ಎಕ್ಸ್ 12 ಅಲ್ಟಿಮೇಟ್, ವಲ್ಕನ್ 1.4 ಮುಂತಾದ, ಆಟವು ಗ್ರಾಫಿಕ್ಸ್ ಯಂತ್ರಾಂಶಕ್ಕೆ ಕೆಲಸ ಹೇಳುವ ರೀತಿಯನ್ನು ನಿಗದಿ ಮಾಡುವ ಹೊಸ ಮಾನಕಗಳ ಬಗ್ಗೆ ಓದಿದಾಗ ಎರಡನೆಯ ದಾರಿಯೇ ಮುಂದಿನ ದಾರಿ ಎನ್ನಿಸುತ್ತದೆ. ಆದರೆ ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡು, ಮತ್ತು ನಮ್ಮ ಆಟವನ್ನು ಮೊದಲು ಆಡಲಿರುವ ಗೆಳೆಯರಲ್ಲಿ ಹಲವರ ಬಳಿ ಇಂಟೆಲ್‌ನ ಒಳಸೇರಿದ ಗ್ರಾಫಿಕ್ಸ್ ಬಿಟ್ಟರೆ ಬೇರೇನೂ ಇಲ್ಲ. ಹೊಸ ಮಾನಕಗಳು ಆಟ ಕಟ್ಟುವವರ ಕೆಲಸವನ್ನು ನಿಜವಾಗಿಯೂ ಕಡಿಮೆ ಮಾಡುತ್ತವೆಯೇ, ಹೆಚ್ಚಿಸುತ್ತವೆಯೇ? ಕನ್ಸೋಲಿನವರಿಗೆ ಈ ಗೊಂದಲ ಇರುವುದಿಲ್ಲವೇ? ತಿಳಿದವರು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ.

ಶೇಡರ್ ಕಮ್ಮಟ, ಯಾದಗಿರಿ (ಉತ್ತರ):

ಒಳ್ಳೆಯ ಪ್ರಶ್ನೆ. ಇದಕ್ಕೆ ಒಂದೇ ಮಾತಿನ ಉತ್ತರ ಸಾಧ್ಯವಿಲ್ಲ, ಏಕೆಂದರೆ ನೀವು ಹೆಸರಿಸಿದ ಮಾನಕಗಳೊಳಗೆ ಬೇರೆ ಬೇರೆ ಸ್ವಭಾವದ ಎರಡು ಬದಲಾವಣೆಗಳು ಸೇರಿಕೊಂಡಿವೆ.

ಮೊದಲನೆಯದು ಹೊಣೆಯ ವರ್ಗಾವಣೆ. 2009ರಲ್ಲಿ ವಿಂಡೋಸ್ 7ರ ಜೊತೆ ಬಂದ ಡೈರೆಕ್ಟ್‌ಎಕ್ಸ್ 11ರ ಕಾಲದಲ್ಲಿ ಗ್ರಾಫಿಕ್ಸ್ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹಳ್ಳಿಯ ಶಾನುಭೋಗನಂತೆ ಎಲ್ಲ ಲೆಕ್ಕವನ್ನೂ ತಾನೇ ಇಟ್ಟುಕೊಳ್ಳುತ್ತಿತ್ತು. ಯಾವ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಮೆಮೊರಿಯಲ್ಲಿ ಎಲ್ಲಿರಬೇಕು, ಒಂದು ಕೆಲಸ ಮುಗಿಯುವ ಮುನ್ನ ಇನ್ನೊಂದು ಅದೇ ಜಾಗವನ್ನು ಓದದಂತೆ ಹೇಗೆ ತಡೆಯಬೇಕು ಎಂಬುದನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು. ಅನುಕೂಲವೇನೋ ಇತ್ತು, ಆದರೆ ಡ್ರೈವರ್ ಒಳಗೆ ಏನು ನಡೆಯುತ್ತಿದೆ ಎಂದು ಆಟ ಬರೆಯುವವರಿಗೆ ಕಾಣುತ್ತಿರಲಿಲ್ಲ, ಮತ್ತು ಆ ಲೆಕ್ಕದ ಬಹುಭಾಗ ಪ್ರೊಸೆಸರಿನ ಒಂದೇ ಥ್ರೆಡ್ಡಿನ ಮೇಲೆ ಬೀಳುತ್ತಿತ್ತು. ಎಎಂಡಿ 2013ರಲ್ಲಿ ಮ್ಯಾಂಟಲ್ ಮೂಲಕ ಬೇರೆ ದಾರಿ ತೋರಿಸಿತು. 2015ರಲ್ಲಿ ವಿಂಡೋಸ್ 10ರೊಂದಿಗೆ ಡೈರೆಕ್ಟ್‌ಎಕ್ಸ್ 12 ಬಂದಿತು. ಮ್ಯಾಂಟಲ್‌ನ ಅಡಿಪಾಯದ ಮೇಲೆಯೇ ಕಟ್ಟಿದ ವಲ್ಕನ್‌ನ ಮೊದಲ ಆವೃತ್ತಿಯನ್ನು ಕ್ರೋನೋಸ್ ಸಂಸ್ಥೆ 2016ರ ಫೆಬ್ರವರಿಯಲ್ಲಿ ಹೊರತಂದಿತು. ಈ ಹೊಸ ಮಾನಕಗಳಲ್ಲಿ ಮೆಮೊರಿ ಹಂಚಿಕೆ, ಕೆಲಸಗಳ ನಡುವಿನ ತಡೆಗೋಡೆಗಳು, ಪೈಪ್‌ಲೈನ್ ಸ್ಥಿತಿಗಳು ಎಲ್ಲವೂ ಆಟವನ್ನು ನಡೆಸುವ ಮೂಲ ತಂತ್ರಾಂಶವಾದ ಎಂಜಿನ್‌ನ ಹೊಣೆಯಾದವು. ಇದರಿಂದ ಪ್ರೊಸೆಸರಿನ ಹಲವು ಕೋರ್‌ಗಳಿಗೆ ಕೆಲಸ ಹಂಚುವುದು ಸಾಧ್ಯವಾಯಿತು. ಜೊತೆಗೆ, ಡ್ರೈವರ್ ಬರೆಯುವ ಪರಿಣತರು ಮಾಡುತ್ತಿದ್ದ ಕೆಲಸ ಪ್ರತಿ ಎಂಜಿನ್ ತಂಡದ ತಲೆಗೆ ಬಂದಿತು. ಮೂವರ ತಂಡ ಈ ಮಟ್ಟದಲ್ಲಿ ನೇರವಾಗಿ ಬರೆಯಲು ಹೊರಟರೆ ಆಟ ಮುಗಿಯುವುದಿಲ್ಲ, ಎಂಜಿನ್ನೇ ಆಟವಾಗಿಬಿಡುತ್ತದೆ.

ಪಿಸಿ ಆಟಗಾರರನ್ನು ಬಹಳ ಕಾಡಿದ ಮುಗ್ಗರಿಕೆಯ ಮೂಲವೂ ಇಲ್ಲಿಯೇ ಇದೆ. ಹೊಸ ಮಾನಕಗಳಲ್ಲಿ ಶೇಡರ್‌ಗಳನ್ನೂ (ಗ್ರಾಫಿಕ್ಸ್ ಕಾರ್ಡಿನಲ್ಲಿ ಓಡುವ ಚಿಕ್ಕ ಪ್ರೋಗ್ರಾಂಗಳು) ಬ್ಲೆಂಡಿಂಗ್ (ಬಣ್ಣಗಳ ಬೆರಕೆ) ಮುಂತಾದ ಸ್ಥಿತಿಗಳನ್ನೂ ಸೇರಿಸಿ ಒಂದೇ ಪೈಪ್‌ಲೈನ್ ವಸ್ತುವಾಗಿ ಮೊದಲೇ ಕಟ್ಟಿಡಬೇಕು. ಆಟಕ್ಕೆ ಬೇಕಾಗುವ ಸಾವಿರಾರು ಜೋಡಣೆಗಳನ್ನು ತಂಡ ಮೊದಲೇ ಊಹಿಸದಿದ್ದರೆ, ಆಟಗಾರ ಹೊಸ ಕೋಣೆಗೆ ಕಾಲಿಟ್ಟ ಕ್ಷಣದಲ್ಲಿ ಕಂಪೈಲ್ (ಯಂತ್ರದ ಭಾಷೆಗೆ ಅನುವಾದ) ನಡೆದು ಚಿತ್ರ ತಡವರಿಸುತ್ತದೆ. ಪಿಸಿಯಲ್ಲಿ ಪ್ರತಿ ಕಾರ್ಡಿಗೂ ಪ್ರತಿ ಡ್ರೈವರ್ ಆವೃತ್ತಿಗೂ ಆ ಕಂಪೈಲ್ ಬೇರೆಯಾದುದರಿಂದ ಸಿದ್ಧಪಡಿಸಿದ ಫಲಿತಾಂಶವನ್ನು ಆಟದ ಜೊತೆಗೇ ಕಳಿಸುವುದು ಸುಲಭವಲ್ಲ. ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್‌ನಂತಹ ಒಂದೇ ಬಗೆಯ ಯಂತ್ರಕ್ಕೆ ವಾಲ್ವ್ ಸಂಸ್ಥೆ ಸಿದ್ಧ ಶೇಡರ್‌ಗಳನ್ನು ಹಂಚಲು ಸಾಧ್ಯವಾದದ್ದು ಆ ಯಂತ್ರಾಂಶ ನಿಗದಿತವಾಗಿರುವುದರಿಂದ. ಮೈಕ್ರೋಸಾಫ್ಟ್ ಕೂಡ 2025ರಲ್ಲಿ ಇದೇ ದಿಕ್ಕಿನ ವ್ಯವಸ್ಥೆಯೊಂದನ್ನು ಪ್ರಕಟಿಸಿತು.

ಎರಡನೆಯ ಬದಲಾವಣೆ ಹೊಸ ಸಾಮರ್ಥ್ಯಗಳದ್ದು, ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದೂ ಇದೇ. 2020ರ ಮಾರ್ಚಿನಲ್ಲಿ ಪ್ರಕಟವಾದ ಡೈರೆಕ್ಟ್‌ಎಕ್ಸ್ 12 ಅಲ್ಟಿಮೇಟ್ ಎಂದರೆ ಹೊಸ ಗ್ರಂಥಾಲಯವಲ್ಲ, ಒಂದು ಖಾತರಿ. ಈ ಮುದ್ರೆಯಿರುವ ಯಂತ್ರದಲ್ಲಿ ರೇ ಟ್ರೇಸಿಂಗ್, ಮೆಶ್ ಶೇಡರ್ (ತ್ರಿಕೋನಗಳನ್ನು ಗುಂಪುಗಳಾಗಿ ಸಂಸ್ಕರಿಸುವುದು), ವೇರಿಯಬಲ್ ರೇಟ್ ಶೇಡಿಂಗ್ (ಚಿತ್ರದ ಕೆಲವು ಭಾಗಗಳಿಗೆ ಕಡಿಮೆ ವಿವರದಲ್ಲಿ ಬಣ್ಣ ಕೊಡುವುದು) ಮತ್ತು ಸ್ಯಾಂಪ್ಲರ್ ಫೀಡ್‌ಬ್ಯಾಕ್ (ಟೆಕ್ಸ್ಚರ್‌ನ ಯಾವ ಭಾಗ ಬಳಕೆಯಾಯಿತೆಂದು ತಿಳಿಸುವುದು) ಎಂಬ ನಾಲ್ಕೂ ಇದ್ದೇ ಇರುತ್ತವೆ ಎಂಬ ಮಾತು ಅದು. ಪಿಸಿಯ ಕಾರ್ಡುಗಳಿಗೂ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್ ಯಂತ್ರಗಳಿಗೂ ಒಂದೇ ಖಾತರಿ ಸಿಕ್ಕಿದ್ದು ಇದರ ದೊಡ್ಡ ಲಾಭ. ಆದರೆ ಖಾತರಿ ಇರುವುದು ಹೊಸ ಯಂತ್ರಗಳಿಗೆ ಮಾತ್ರ. ಹಳೆಯ ಯಂತ್ರಗಳು ಜನರ ಮೇಜಿನ ಮೇಲೆ ಇರುವವರೆಗೂ ತಂಡವು ಒಂದೇ ದೃಶ್ಯವನ್ನು ಎರಡು ಬಾರಿ ಬೆಳಗಿಸಬೇಕಾಗುತ್ತದೆ, ಎರಡು ಬಾರಿ ಪರೀಕ್ಷಿಸಬೇಕಾಗುತ್ತದೆ.

ಆದ್ದರಿಂದ ನನ್ನ ದೃಢ ಅಭಿಪ್ರಾಯ ಇಷ್ಟು: ಮಾನಕವೊಂದು ಪ್ರಕಟವಾದ ದಿನದಿಂದ ಆಟ ಕಟ್ಟುವವರ ಕೆಲಸ ಹೆಚ್ಚುತ್ತದೆ, ಹಳೆಯ ದಾರಿಯನ್ನು ಕೈಬಿಡಬಹುದಾದ ದಿನದಿಂದ ಅದು ಕಡಿಮೆಯಾಗುತ್ತದೆ. ನಡುವೆ ಇರುವ ವರ್ಷಗಳ ವೆಚ್ಚವನ್ನು ಯಾರು ಹೊರುತ್ತಾರೆ ಎಂಬುದೇ ನಿಜವಾದ ಪ್ರಶ್ನೆ. ಡೈರೆಕ್ಟ್‌ಎಕ್ಸ್‌ನ ರೇ ಟ್ರೇಸಿಂಗ್ ಪ್ರಕಟವಾದದ್ದು 2018ರಲ್ಲಿ. ರೇ ಟ್ರೇಸಿಂಗ್ ಘಟಕವಿಲ್ಲದ ಕಾರ್ಡಿನಲ್ಲಿ ಆಟವೇ ನಡೆಯದು ಎಂದು ಹೇಳುವ ದೊಡ್ಡ ಆಟಗಳು ಸಾಲಾಗಿ ಬರತೊಡಗಿದ್ದು 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಂಡ್ ದ ಗ್ರೇಟ್ ಸರ್ಕಲ್‌ನ ಆಸುಪಾಸಿನಲ್ಲಿ. ಮೆಟ್ರೋ ಎಕ್ಸೋಡಸ್‌ನ 2021ರ ಪರಿಷ್ಕೃತ ಆವೃತ್ತಿ ಅದಕ್ಕೂ ಮೊದಲೇ ಆ ಧೈರ್ಯ ಮಾಡಿತ್ತು, ಆದರೆ ಹಳೆಯ ಕಾರ್ಡಿನವರಿಗಾಗಿ ಮೂಲ ಆಟ ಉಳಿದೇ ಇತ್ತು. 2023ರ ಅಲನ್ ವೇಕ್ 2 ಮೆಶ್ ಶೇಡರ್‌ಗಳನ್ನು ನೆಚ್ಚಿಕೊಂಡಿದ್ದರಿಂದ, ಒಂದು ಕಾಲಕ್ಕೆ ಬಹಳ ಜನಪ್ರಿಯವಾಗಿದ್ದ ಜಿಟಿಎಕ್ಸ್ 10 ಸರಣಿಯ ಕಾರ್ಡುಗಳಲ್ಲಿ ತೀರ ಕುಂಟುತ್ತಿತ್ತು. ಮುಂದೆ ಆ ಕಾರ್ಡುಗಳಿಗಾಗಿಯೇ ಸುಧಾರಣೆ ತರಬೇಕಾಯಿತು.

ನಿಮ್ಮ ಜಿಟಿಎಕ್ಸ್ 1650 ಒಂದು ವಿಚಿತ್ರ ಮೆಟ್ಟಿಲಿನ ಮೇಲಿದೆ. ಅದು ಎನ್‌ವಿಡಿಯಾದ ಟ್ಯೂರಿಂಗ್ ಪೀಳಿಗೆಯದಾದ್ದರಿಂದ ಮೆಶ್ ಶೇಡರ್ ಇದೆ, ರೇ ಟ್ರೇಸಿಂಗ್ ಘಟಕ ಇಲ್ಲ. ಅಂದರೆ ಅಲ್ಟಿಮೇಟ್ ಎಂಬ ಮುದ್ರೆಗೆ ಅದು ಒಳಪಡುವುದಿಲ್ಲ. ಬೇಕ್ ಮಾಡಿ ಎಂಬುದೇ ನನ್ನ ಸಲಹೆ.

ಪೆಟ್ಟಿಗೆಯ ಒಳಗೆ, ಕಲಬುರಗಿ (ಉತ್ತರ):

ಕನ್ಸೋಲಿನ ಬಗ್ಗೆ ಕೇಳಿದ್ದೀರಿ. ಅಲ್ಲಿ ಗೊಂದಲ ಕಡಿಮೆ ಎಂಬುದು ನಿಜ, ಆದರೆ ಕಾರಣವನ್ನು ಮಾನಕದಲ್ಲಿ ಹುಡುಕಬಾರದು. ಯಂತ್ರ ಬದಲಾಗುವುದಿಲ್ಲ ಎಂಬುದೇ ಕಾರಣ. ಪ್ಲೇಸ್ಟೇಷನ್ 5ರಲ್ಲಿ ಡೈರೆಕ್ಟ್‌ಎಕ್ಸ್ ಇಲ್ಲ, ಸೋನಿಯು ತನ್ನ ಯಂತ್ರಕ್ಕೆಂದೇ ಬರೆದ ಬೇರೆ ಗ್ರಾಫಿಕ್ಸ್ ಮಾನಕವಿದೆ. ಎಕ್ಸ್‌ಬಾಕ್ಸ್‌ನಲ್ಲಿ ಇರುವುದು ಆ ಯಂತ್ರಕ್ಕೆ ತಿದ್ದಿದ ಡೈರೆಕ್ಟ್‌ಎಕ್ಸ್ 12. ಎರಡಕ್ಕೂ ಎಎಂಡಿಯ ಆರ್‌ಡಿಎನ್‌ಎ 2 ವಂಶದ ಗ್ರಾಫಿಕ್ಸ್ ಇರುವುದರಿಂದ ಎಂಜಿನ್ ಮಟ್ಟದ ಯೋಚನೆ ಒಂದೇ ಆದರೂ ಬರೆಯುವ ಕೋಡ್ ಬೇರೆಯಾಗುತ್ತದೆ. ಶೇಡರ್‌ಗಳನ್ನು ತಂಡವೇ ಕಂಪೈಲ್ ಮಾಡಿ ಡಿಸ್ಕಿನಲ್ಲಿ ಕಳಿಸಬಹುದಾದ್ದರಿಂದ ಮೇಲೆ ಹೇಳಿದ ಮುಗ್ಗರಿಕೆ ಅಲ್ಲಿ ಬಹುಮಟ್ಟಿಗೆ ಇಲ್ಲ.

ಕನ್ಸೋಲಿನ ಕಷ್ಟ ಬೇರೆ ಕಡೆ ಇದೆ. 2020ರ ನವೆಂಬರಿನಲ್ಲಿ ಬಂದ ಸೀರೀಸ್ ಎಕ್ಸ್‌ಗೆ 16 ಜಿಬಿ ಮೆಮೊರಿ, ಅದರ ಜೊತೆಗೇ ಬಂದ ಸೀರೀಸ್ ಎಸ್‌ಗೆ 10 ಜಿಬಿ. ಎರಡೂ ಒಂದೇ ಮಾನಕವನ್ನು ಪಾಲಿಸುತ್ತವೆ, ಎರಡರಲ್ಲೂ ರೇ ಟ್ರೇಸಿಂಗ್ ಇದೆ, ಆದರೂ ಆ 6 ಜಿಬಿಯ ಅಂತರ ಟೆಕ್ಸ್ಚರ್‌ನಿಂದ ಹಿಡಿದು ರೇ ಟ್ರೇಸಿಂಗ್‌ಗೆ ಬೇಕಾದ ದತ್ತಾಂಶ ರಚನೆಗಳವರೆಗೆ ಎಲ್ಲವನ್ನೂ ಮತ್ತೆ ತೂಗಿ ನೋಡುವಂತೆ ಮಾಡುತ್ತದೆ. ದೃಶ್ಯದ ತ್ರಿಕೋನಗಳನ್ನೆಲ್ಲ ಪೆಟ್ಟಿಗೆಯೊಳಗೆ ಪೆಟ್ಟಿಗೆಯಾಗಿ ಜೋಡಿಸಿದ ಒಂದು ಮರ ಸಿದ್ಧವಿದ್ದರೆ ಮಾತ್ರ ಕಿರಣವು ಯಾವುದಕ್ಕೆ ತಾಗಿತು ಎಂದು ಬೇಗ ಹುಡುಕಲು ಸಾಧ್ಯ, ಮತ್ತು ಆ ಮರಕ್ಕೂ ಮೆಮೊರಿ ಬೇಕು. ಸಾಮರ್ಥ್ಯ ಇದೆಯೋ ಇಲ್ಲವೋ ಎಂಬುದನ್ನು ಮಾನಕ ಹೇಳುತ್ತದೆ. ಎಷ್ಟು ಇದೆ ಎಂಬುದನ್ನು ತಂಡವೇ ಅಳೆದುಕೊಳ್ಳಬೇಕು.

ಶೇಡರ್ ಕಮ್ಮಟ ಅವರು ಹೇಳಿದ ನಡುವಿನ ವರ್ಷಗಳು ಕನ್ಸೋಲಿಗೂ ಇದ್ದವು. ಪ್ಲೇಸ್ಟೇಷನ್ 5 ಬಂದು ಎರಡು ವರ್ಷಗಳಾದ ಮೇಲೆಯೂ, 2022ರ ನವೆಂಬರಿನಲ್ಲಿ ಬಂದ ಗಾಡ್ ಆಫ್ ವಾರ್ ರಾಗ್ನರಾಕ್ ಪ್ಲೇಸ್ಟೇಷನ್ 4ರಲ್ಲೂ ನಡೆಯಬೇಕಾಗಿತ್ತು. ಹಳೆಯ ಯಂತ್ರದಲ್ಲಿ ಇದ್ದದ್ದು ತಿರುಗುವ ಹಾರ್ಡ್ ಡಿಸ್ಕ್, ಹೊಸದರಲ್ಲಿ ಸೆಕೆಂಡಿಗೆ 5.5 ಜಿಬಿ ಓದುವ ಎಸ್‌ಎಸ್‌ಡಿ. ಹಳೆಯದು ಜೊತೆಗಿರುವವರೆಗೆ ಎಸ್‌ಎಸ್‌ಡಿ ಇದ್ದೇ ಇರುತ್ತದೆ ಎಂದು ನಂಬಿ ಜಗತ್ತನ್ನು ವಿನ್ಯಾಸ ಮಾಡುವಂತಿಲ್ಲ. ಪಿಸಿಗೆ ಅಂಥದ್ದೇ ವೇಗದ ಓದನ್ನು ಕೊಡುವ ಡೈರೆಕ್ಟ್‌ಸ್ಟೋರೇಜ್ 2022ರಲ್ಲಿ ಬಂದರೂ ಅದನ್ನು ಬಳಸುವ ಆಟಗಳು ಇಂದಿಗೂ ಹೆಚ್ಚಿಲ್ಲ, ಕಾರಣವೂ ಅದೇ.

ನಿಮ್ಮ ಕನ್ಸೋಲ್ ಆಸೆಯ ಬಗ್ಗೆ ಒಂದು ಮಾತು. ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೂರರ ಅಭಿವೃದ್ಧಿ ಸಾಧನಗಳೂ ಒಪ್ಪಂದಕ್ಕೆ ಸಹಿ ಹಾಕಿ ಅನುಮತಿ ಪಡೆದವರಿಗೆ ಮಾತ್ರ ಸಿಗುತ್ತವೆ. ಅದಕ್ಕೆ ಮುನ್ನ ಆಡಿ ತೋರಿಸಬಹುದಾದ ಪಿಸಿ ಆವೃತ್ತಿ ನಿಮ್ಮ ಕೈಯಲ್ಲಿ ಇರಬೇಕು. ಆದ್ದರಿಂದ ಈಗ ಕನ್ಸೋಲಿನ ಮಾನಕದ ಬಗ್ಗೆ ಚಿಂತಿಸುವ ಅಗತ್ಯವಿಲ್ಲ, ಆದರೆ ಮೆಮೊರಿಯ ಶಿಸ್ತನ್ನು ಈಗಲೇ ಕಲಿಯಿರಿ. ನಿಮ್ಮ 4 ಜಿಬಿಯ ಕಾರ್ಡು ಅದಕ್ಕೆ ಒಳ್ಳೆಯ ಗುರು.

ಬಹಮನಿ ಬೆಳಕು, ಕಲಬುರಗಿ:

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಒಂದು ತೊಡಕು ಉಳಿಯುತ್ತದೆ. ಆಟದ ಎರಡನೆಯ ಭಾಗ ಬೀದರಿನ ನೌಬಾದ್ ಕಡೆಯ ಕಾರೇಜ್ ಮಾದರಿಯ ನೆಲದಡಿಯ ಕಾಲುವೆಯಲ್ಲಿ ನಡೆಯುತ್ತದೆ. ಅಲ್ಲಿ ಅಲ್ಲಲ್ಲಿ ಗಾಳಿಬಾವಿಗಳಿಂದ ಬೆಳಕು ನೇರವಾಗಿ ಕೆಳಗಿಳಿಯುತ್ತದೆ, ಉಳಿದ ಕಡೆ ಆಟಗಾರನ ಕೈಯಲ್ಲಿರುವ ದೀವಟಿಗೆ ಮಾತ್ರ. ದೀವಟಿಗೆ ಚಲಿಸುತ್ತದೆ, ಕೆಂಪು ಜಂಬಿಟ್ಟಿಗೆ ಗೋಡೆಯಿಂದ ಪುಟಿದ ಬೆಳಕೂ ಅದರೊಡನೆ ಚಲಿಸಬೇಕು. ಇದನ್ನು ಬೇಕ್ ಮಾಡುವುದು ಹೇಗೆ?

ಜಂಬಿಟ್ಟಿಗೆ, ಬೀದರ್ (ಉತ್ತರ):

ನಾನು ಗೊಡೋ ಎಂಜಿನ್ ಬಳಸುವವನು, ಆದ್ದರಿಂದ ಅದರ ಮಾತಿನಲ್ಲೇ ಹೇಳುತ್ತೇನೆ. 2023ರ ಮಾರ್ಚಿನಲ್ಲಿ ಬಂದ ಗೊಡೋ 4 ವಲ್ಕನ್‌ಗೆ ತಿರುಗಿಕೊಂಡಿತಾದರೂ ಹಳೆಯ ಯಂತ್ರಗಳನ್ನು ಬಿಟ್ಟುಕೊಡಲಿಲ್ಲ. ಫಾರ್ವರ್ಡ್ ಪ್ಲಸ್ ಮತ್ತು ಮೊಬೈಲ್ ಎಂಬ ಎರಡು ಹೊಸ ದಾರಿಗಳ ಜೊತೆಗೆ, ಹಳೆಯ ಮಾನಕವಾದ ಓಪನ್‌ಜಿಎಲ್ ಮೇಲೆ ನಡೆಯುವ ಕಂಪ್ಯಾಟಿಬಿಲಿಟಿ ಎಂಬ ಮೂರನೆಯದನ್ನೂ ಅದು ಇಟ್ಟುಕೊಂಡಿದೆ. ಮಾನಕ ಬದಲಾದಾಗ ಬೀಳುವ ಎರಡು ಪಟ್ಟು ಕೆಲಸವನ್ನು ಇಲ್ಲಿ ಎಂಜಿನ್ ತಂಡವೇ ಹೊರುತ್ತಿದೆ. ನಮ್ಮಂತಹ ಊರುಗಳಿಂದ ಆಟ ಕಟ್ಟುವವರಿಗೆ ಇದು ಬಹಳ ದೊಡ್ಡ ಉಪಕಾರ ಎಂದು ನಾನು ಭಾವಿಸುತ್ತೇನೆ.

ಮಸೀದಿಯ ಭಾಗಕ್ಕೆ ಲೈಟ್‌ಮ್ಯಾಪ್ ಸಾಕು. ಅದನ್ನು ಬೇಕ್ ಮಾಡುವ ಲೆಕ್ಕ ನಿಮ್ಮ 1650ರ ಮೇಲೆ ವಲ್ಕನ್ ಮೂಲಕ ನಡೆಯುತ್ತದೆ. ರೇ ಟ್ರೇಸಿಂಗ್ ಘಟಕ ಇಲ್ಲದಿದ್ದರೂ ಕಿರಣಗಳ ಲೆಕ್ಕವನ್ನು ಸಾಮಾನ್ಯ ಕಂಪ್ಯೂಟ್ ಶೇಡರ್‌ಗಳೇ ಮಾಡುತ್ತವೆ, ಸಮಯ ಹೆಚ್ಚು ಹಿಡಿಯುತ್ತದೆ ಅಷ್ಟೆ. ಬೇಕ್ ಆದ ಫಲಿತಾಂಶವನ್ನು ಕಂಪ್ಯಾಟಿಬಿಲಿಟಿ ದಾರಿಯಲ್ಲೂ ತೋರಿಸಬಹುದಾದ್ದರಿಂದ ಇಂಟೆಲ್ ಗ್ರಾಫಿಕ್ಸ್‌ನವರಿಗೂ ಅದೇ ಮೆತ್ತನೆಯ ಬೆಳಕು ಕಾಣುತ್ತದೆ. ಚಲಿಸುವ ಪಾತ್ರಗಳಿಗೆ ಲೈಟ್ ಪ್ರೋಬ್‌ಗಳನ್ನು (ತಾವಿರುವ ಜಾಗದ ಬೆಳಕನ್ನು ದಾಖಲಿಸಿಡುವ ಬಿಂದುಗಳು) ಕಂಬಗಳ ಸಾಲಿನ ನಡುವೆ ಒತ್ತೊತ್ತಾಗಿ ಇಡಿ, ಏಕೆಂದರೆ ಅಲ್ಲಿ ಒಂದೆರಡು ಹೆಜ್ಜೆಗಳಲ್ಲೇ ಬೆಳಕು ಬದಲಾಗುತ್ತದೆ.

ಕಾರೇಜ್‌ನಲ್ಲಿ ಬೆಳಕನ್ನು ಎರಡಾಗಿ ಒಡೆಯಿರಿ. ಗಾಳಿಬಾವಿಯ ಬೆಳಕು ಸ್ಥಿರ, ಅದನ್ನು ಬೇಕ್ ಮಾಡಿ. ದೀವಟಿಗೆಯ ನೇರ ಬೆಳಕನ್ನೂ ನೆರಳನ್ನೂ ಆಟದಲ್ಲೇ ಲೆಕ್ಕ ಹಾಕಿ. ಅದರ ಪುಟಿದ ಬೆಳಕಿಗೆ, ನೆರಳಿಲ್ಲದ ಇನ್ನೊಂದು ಮಂದ ದೀಪವನ್ನು ಗೋಡೆಯ ಬಣ್ಣದಲ್ಲಿ ದೀವಟಿಗೆಯ ಜೊತೆಗೇ ಚಲಿಸಲು ಬಿಡಿ. ಕಿರಿದಾದ, ಒಂದೇ ಬಣ್ಣದ ಸುರಂಗದಲ್ಲಿ ಈ ಉಪಾಯ ಆಶ್ಚರ್ಯವಾಗುವಷ್ಟು ಚೆನ್ನಾಗಿ ಒದಗುತ್ತದೆ. ಬೀದರ್ ಕೋಟೆಯ ರಂಗೀನ್ ಮಹಲಿನಂತೆ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ ಗೋಡೆಯನ್ನೋ, ಬಿದರಿಯ ಬೆಳ್ಳಿ ಕುಸುರಿಯ ಹೂಜಿಯನ್ನೋ ತೋರಿಸುವುದಾದರೆ ಈ ಉಪಾಯ ಸಾಲದು. ಅಲ್ಲಿ ಕಪ್ಪು ಮೈ ಬೆಳಕನ್ನು ನುಂಗುತ್ತದೆ, ಬೆಳ್ಳಿಯ ಗೆರೆ ಸುತ್ತಲಿನ ಎಲ್ಲವನ್ನೂ ಹಿಂದಿರುಗಿಸುತ್ತದೆ. ರೇ ಟ್ರೇಸಿಂಗ್ ನಿಜವಾಗಿ ಗೆಲ್ಲುವುದು ಅಂತಹ ಜಾಗದಲ್ಲಿ. ಅದಿಲ್ಲದವರು ಸುತ್ತಲಿನ ಪ್ರತಿಬಿಂಬವನ್ನು ಹಿಡಿದಿಡುವ ರಿಫ್ಲೆಕ್ಷನ್ ಪ್ರೋಬ್ ಇಟ್ಟು ತೃಪ್ತರಾಗಬೇಕು.

ಇನ್ನೊಂದು ವಿಷಯ. ಫ್ರೇಮ್ ಸಮಯವನ್ನು (ಒಂದು ಚಿತ್ರ ಮೂಡಲು ಹಿಡಿಯುವ ಸಮಯ) ಮೇ ತಿಂಗಳಿನಲ್ಲಿಯೂ ಅಳೆಯಿರಿ. ನಮ್ಮ ಭಾಗದಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಲ್ಯಾಪ್‌ಟಾಪ್ ಬಿಸಿಯಾಗಿ ಗ್ರಾಫಿಕ್ಸ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಡಿಸೆಂಬರಿನಲ್ಲಿ ಸರಾಗವಾಗಿ ಓಡಿದ ಆಟ ಆಗ ತೊದಲುತ್ತದೆ. ನಿಮ್ಮ ಮೊದಲ ಆಟಗಾರರು ಇದೇ ಬಿಸಿಲಿನಲ್ಲಿ ಆಡುವವರು.

ಮುಂದಿನ ಫ್ರೇಮ್, ಕಲಬುರಗಿ (ಉತ್ತರ):

ಮೇಲಿನ ಸಲಹೆಗಳನ್ನು ಗೌರವದಿಂದಲೇ ಒಪ್ಪದೆ ಇರುತ್ತೇನೆ. ಇವರು ವಿದ್ಯಾರ್ಥಿಗಳು. ಆಟ ಮುಗಿಯುವ ಹೊತ್ತಿಗೆ ಜನರ ಯಂತ್ರಗಳೂ ಬದಲಾಗಿರುತ್ತವೆ. ರೇ ಟ್ರೇಸಿಂಗ್‌ನಲ್ಲಿ ಬೇಕ್ ಮಾಡಿ ಕಾಯುವ ಕೆಲಸವಿಲ್ಲ. ಒಂದು ಕಮಾನನ್ನು ಎರಡು ಅಡಿ ಸರಿಸಿದರೆ ಬೆಳಕು ಆ ಕ್ಷಣವೇ ಹೊಸದಾಗಿ ಮೂಡುತ್ತದೆ. ಮೂವರ ತಂಡಕ್ಕೆ ಸಮಯವೇ ಬಂಡವಾಳವಲ್ಲವೇ? 4 ಟೆರಾಫ್ಲಾಪ್‌ನಷ್ಟೇ ಲೆಕ್ಕಶಕ್ತಿಯಿರುವ ಸೀರೀಸ್ ಎಸ್‌ನಲ್ಲೇ ಇಂಡಿಯಾನಾ ಜೋನ್ಸ್ ಆಟವು ರೇ ಟ್ರೇಸಿಂಗ್ ಬೆಳಕಿನಲ್ಲಿ ನಡೆಯುತ್ತಿದೆ ಎಂದ ಮೇಲೆ, ಅದು ಶ್ರೀಮಂತ ಯಂತ್ರಗಳ ಸೊತ್ತು ಎಂದು ಹೇಳುವುದು ಇನ್ನು ಸರಿಯಲ್ಲ. ನಿಂಟೆಂಡೊದ 2025ರ ಸ್ವಿಚ್ 2 ಕೂಡ ರೇ ಟ್ರೇಸಿಂಗ್ ಘಟಕ ಹೊಂದಿದೆ. ಕಲಿಯುವ ವಯಸ್ಸಿನಲ್ಲಿ ಹಳೆಯ ದಾರಿಯನ್ನೇ ಕಲಿಸಿದರೆ ಮುಂದೆ ಕೆಲಸ ಹುಡುಕುವಾಗ ಅವರು ಹಿಂದೆ ಬೀಳುತ್ತಾರೆ.

ಶೇಡರ್ ಕಮ್ಮಟ, ಯಾದಗಿರಿ:

ಸಮಯದ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ, ದೊಡ್ಡ ಸ್ಟುಡಿಯೋಗಳು ಹಳೆಯ ದಾರಿಯನ್ನು ಬಿಡಲು ಅದೂ ಒಂದು ಪ್ರಬಲ ಕಾರಣ. ಆದರೆ ಸೀರೀಸ್ ಎಸ್‌ನಲ್ಲಿ ಆ ಆಟ ನಡೆಯುವುದು ವರ್ಷಗಟ್ಟಲೆ ಪಳಗಿದ ಎಂಜಿನ್ ತಂಡವೊಂದು ಮಿಲಿಸೆಕೆಂಡಿನ ಭಾಗಗಳನ್ನೂ ಲೆಕ್ಕ ಹಾಕಿದ್ದರಿಂದ. ಸಿದ್ಧ ಎಂಜಿನ್‌ನಲ್ಲಿ ಒಂದು ಗುಂಡಿ ಒತ್ತಿದ ಮಾತ್ರಕ್ಕೆ ಆ ಫಲ ಸಿಗದು. ಜೊತೆಗೆ, ಆಟ ಮುಗಿಯುವ ಹೊತ್ತಿಗೆ ಯಂತ್ರ ಬದಲಾಗುತ್ತದೆ ಎಂಬ ನಂಬಿಕೆ ನಮ್ಮ ಮೂರು ಜಿಲ್ಲೆಗಳಲ್ಲಿ ಹೊಂದುವುದಿಲ್ಲ. ಇಲ್ಲಿ ಕಾಲೇಜು ಸೇರುವಾಗ ಕೊಂಡ ಲ್ಯಾಪ್‌ಟಾಪ್ ಕಾಲೇಜು ಬಿಟ್ಟ ಮೇಲೆ ತಮ್ಮನಿಗೋ ತಂಗಿಗೋ ಹೋಗುತ್ತದೆ.

ಕಲಿಕೆಯ ಮಾತನ್ನು ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಅದಕ್ಕೆ ಬಿದರಿ ಹೂಜಿಯ ಒಂದೇ ಕೋಣೆಯನ್ನು ಪ್ರತ್ಯೇಕ ಪ್ರಯೋಗವಾಗಿ ಇಟ್ಟುಕೊಳ್ಳಿ. ಯಾರದಾದರೂ ರೇ ಟ್ರೇಸಿಂಗ್ ಘಟಕವಿರುವ ಆರ್‌ಟಿಎಕ್ಸ್ ಯಂತ್ರ ಸಿಕ್ಕಾಗ ವಲ್ಕನ್‌ನ ರೇ ಟ್ರೇಸಿಂಗ್ ವಿಸ್ತರಣೆಗಳಿಂದ ಅದನ್ನು ನೇರವಾಗಿ ಬರೆದು ನೋಡಿ. ಮೊದಲ ಆವೃತ್ತಿಯ ವಲ್ಕನ್‌ನಲ್ಲಿ ಚಿಕ್ಕ ಕೆಲಸಕ್ಕೂ ಬಹಳ ಕೋಡ್ ಬರೆಯಬೇಕಾಗಿತ್ತು. 2022ರ 1.3ರಲ್ಲಿ ಡೈನಾಮಿಕ್ ರೆಂಡರಿಂಗ್ ಮೂಲ ಮಾನಕಕ್ಕೇ ಸೇರಿದ ಮೇಲೆ ಚಿತ್ರ ಬಿಡಿಸುವ ಹಂತಗಳನ್ನು ಮೊದಲೇ ವಿವರಿಸಿಡುವ ರೆಂಡರ್ ಪಾಸ್‌ಗಳ ದೊಡ್ಡ ಸಿದ್ಧತೆಯನ್ನು ಬಿಟ್ಟುಬಿಡಬಹುದು. 2024ರ ಡಿಸೆಂಬರಿನ 1.4 ಆವೃತ್ತಿ, ಅದುವರೆಗೆ ಐಚ್ಛಿಕವಾಗಿದ್ದ ಹಲವು ಅನುಕೂಲಗಳನ್ನು ಕಡ್ಡಾಯ ಮಾಡಿದೆ. ಬರೆದದ್ದನ್ನು ಉಚಿತವಾಗಿ ಸಿಗುವ, ಎನ್‌ವಿಡಿಯಾದ ಎನ್‌ಸೈಟ್ ಎಂಬ ಪರೀಕ್ಷಾ ಸಾಧನದಲ್ಲಿ ಹಿಡಿದು ಪ್ರತಿ ಹಂತದ ಸಮಯವನ್ನು ನೋಡಿ.

ಬಹಮನಿ ಬೆಳಕು, ಕಲಬುರಗಿ:

ನಮ್ಮಲ್ಲಿ ಚರ್ಚಿಸಿ ತೀರ್ಮಾನಿಸಿದ್ದೇವೆ. ಮಸೀದಿಯ ಭಾಗವನ್ನು ಲೈಟ್‌ಮ್ಯಾಪ್‌ನಲ್ಲಿ ಕಟ್ಟುತ್ತೇವೆ, ಕಾರೇಜ್‌ಗೆ ಎರಡು ದೀಪಗಳ ಉಪಾಯವನ್ನು ಬಳಸುತ್ತೇವೆ, ಹೂಜಿಯ ಕೋಣೆ ಆಟದಿಂದ ಹೊರಗೆ ಪ್ರತ್ಯೇಕವಾಗಿ ಬೆಳೆಯುತ್ತದೆ. ಮುಂದಿನ ವಾರ ಇಂಟೆಲ್ ಗ್ರಾಫಿಕ್ಸ್ ಇರುವ ಗೆಳೆಯರ ಯಂತ್ರಗಳಲ್ಲಿ ಮೊದಲ ಕಮಾನು ಸಾಲನ್ನು ಓಡಿಸಿ, ಫ್ರೇಮ್ ಸಮಯಗಳನ್ನು ಇಲ್ಲಿಯೇ ಹಾಕುತ್ತೇವೆ. ಜಂಬಿಟ್ಟಿಗೆ ಅವರು ಪ್ರೋಬ್‌ಗಳ ನಡುವಿನ ಅಂತರ ಎಷ್ಟಿರಬೇಕೆಂದು ಆಗ ನೋಡಿ ಹೇಳಿದರೆ ಉಪಕಾರವಾಗುತ್ತದೆ.